ಕಪುನಿ ಭಾವನ ಮೂರನೆಯ ಮರ

ಕಪುನಿ ನನ್ನ ಅಕ್ಕನ ಗಂಡ. ದೋಣಿ ಕೆತ್ತುವ ಮನೆತನದವನು. ಅವನಪ್ಪ ಕೆತ್ತಿದ ದೋಣಿಗಳು ನಮ್ಮ ದ್ವೀಪದ ಕೋನಾ ಕರಾವಳಿಯಲ್ಲಿ ಇಂದಿಗೂ ಓಡುತ್ತಿವೆ. ಭಾವ ಮಾತ್ರ ಐವತ್ತು ದಾಟಿದರೂ ಒಂದು ದೋಣಿಯನ್ನೂ ನೀರಿಗಿಳಿಸಿರಲಿಲ್ಲ. ಕೇಳಿದರೆ ತಪ್ಪನ್ನು ಹಕ್ಕಿಯ ಮೇಲೆ ಹಾಕುತ್ತಿದ್ದ.

ನಮ್ಮಲ್ಲಿ ದೋಣಿಗೆಂದು ಕೋವಾ ಮರ ಕಡಿದ ಮೇಲೆ ಎಲೆಪಾಯೊ ಹಕ್ಕಿಯ ಒಪ್ಪಿಗೆ ಬೇಕು. ಹೂಬಿಟ್ಟ ಮರಗಳಲ್ಲಿ ಹಾಡುವ ಕೆಂಪು ಆಪಾಪಾನೆ, ಹಳದಿ ಅಮಕಿಹಿ ಎಲ್ಲ ಬರೀ ಚೆಂದಕ್ಕೆ. ಅಧಿಕಾರವೆಲ್ಲ ಬಾಲ ನಿಗುರಿಸಿಕೊಂಡು ಓಡಾಡುವ ಈ ಕಂದು ಪುಟಾಣಿಯದು. ಬಿದ್ದ ಮರದ ಮೇಲೆ ಅದು ಸುಮ್ಮನೆ ನಡೆದು ಹೋದರೆ ಮರ ಗಟ್ಟಿ. ಕುಕ್ಕಿದರೆ ಒಳಗೆ ಹುಳ, ದೋಣಿಗೆ ಬಾರದು.

ಭಾವನ ಪಾಲಿಗೆ ಬಂದದ್ದು ಮೂರು ಮರ. ಎರಡನ್ನು ಹಕ್ಕಿ ಕುಕ್ಕಿತ್ತು. ಅಕ್ಕ ಮಹೀನಾ ಅವನ್ನು ಸೀಳಿಸಿ ಚರ್ಚಿಗೆ ಬೆಂಚು ಮಾಡಿಸಿದ್ದಳು. ಮೂರನೆಯದನ್ನು ಕಡಿದ ದಿನ ಅವಳೆಂದಳು: "ಇದೂ ಹೋದ್ರೆ ನಿಮ್ಮಪ್ಪನ ಬಾಚಿನ ಯಾರಿಗಾದ್ರೂ ಕೊಟ್ಬಿಡ್ತೀನಿ. ಬರೀ ತೆಂಗಿನಕಾಯಿ ಒಡೆಯೋಕೆ ಅದೇ ಬೇಕಾ?"

ಅಪ್ಪ ದೋಣಿ ಕೆತ್ತುತ್ತಿದ್ದ ಆ ಬಾಚಿಯನ್ನು ಭಾವ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವವನು. ಅವನ ಮುಖ ಸಪ್ಪಗಾಯಿತು.

ಮರುದಿನ ಅಕ್ಕ ಬಾಚಿ ಹಿಡಿದು ತಾನೂ ನಮ್ಮ ಜೊತೆ ಬೆಟ್ಟ ಹತ್ತಿದಳು. ಭಾವ ಬಿದ್ದ ಮರದ ಮೇಲೆ ಆರಾಮಾಗಿ ಕೂತು ಸಿಹಿ ಬ್ರೆಡ್ಡಿಗೆ ಸೀಬೆಹಣ್ಣಿನ ಜಾಮ್ ಮೆತ್ತಿ ತಿನ್ನತೊಡಗಿದ. ಹಕ್ಕಿಗಾಗಿ ಕಾಯುವಾಗ ಬಾಯಾಡಿಸದೆ ಇರುವುದು ಅವನಿಂದಾಗದ ಮಾತು. ಸ್ವಲ್ಪ ಹೊತ್ತಿಗೆ ಉದುರಿದ ಪುಡಿಗೆ ಇರುವೆ ಬಂತು. ಇರುವೆಯ ಹಿಂದೆ ಎಲೆಪಾಯೊ ಬಂತು. ಟಕಟಕ ಕುಕ್ಕಿತು.

"ನೋಡಿದ್ಯಾ, ಹುಳ," ಎಂದ ಭಾವ. ದನಿಯಲ್ಲಿ ಅಂಥ ದುಃಖವೇನೂ ಇರಲಿಲ್ಲ.

"ಹುಳ ಮರದೊಳಗಿಲ್ಲ, ನಿನ್ನ ಹೊಟ್ಟೇಲಿದೆ," ಎಂದಳು ಅಕ್ಕ. "ಪ್ರತಿ ಭಾನುವಾರ ಆ ಬೆಂಚಿನ ಮೇಲೆ ಕೂರ್ತೀನಲ್ಲ, ಒಂದೇ ಒಂದು ತೂತು ತೋರ್ಸು ನೋಡೋಣ. ಎರಡು ದೋಣಿ ತಿಂದು ಮುಗಿಸಿದ್ಯಲ್ಲೋ ಮಾರಾಯ."

ಮರವನ್ನು ತಿಕ್ಕಿ ತೊಳೆಸಿದಳು. ತೊರೆಯಿಂದ ನೀರು ಹೊತ್ತವನು ನಾನು, ಅದನ್ನು ಯಾರೂ ನೆನೆಯುವುದಿಲ್ಲ. ಭಾವನಿಗೆ ಉಪವಾಸ. ಮಧ್ಯಾಹ್ನ ಹಕ್ಕಿ ಮತ್ತೆ ಬಂದು ಬುಡದಿಂದ ನಡೆಯತೊಡಗಿತು. ಆಗಲೇ ಭಾವನ ಕೈ ಮೆಲ್ಲಗೆ ಜೇಬಿಗೆ ಹೋಗಿ ಬ್ರೆಡ್ಡಿನ ತುಣುಕೊಂದನ್ನು ಹಿಡಿದು ಮರದತ್ತ ಸರಿಯಿತು. ಅಕ್ಕ ಗಬಕ್ಕನೆ ಮುಂಗೈ ಹಿಡಿದಳು.

"ಅಪ್ಪನ ದೋಣಿ ಥರ ಆಗದೇ ಹೋದ್ರೆ, ಮಹೀನಾ?" ಎಂದು ಅವನು ಪಿಸುಗುಟ್ಟಿದ.

ಅಕ್ಕ ಅವನ ಮುಂಗೈ ಬಿಡಲಿಲ್ಲ. ಹಕ್ಕಿ ತುದಿಯವರೆಗೆ ನಡೆಯಿತು, ಒಮ್ಮೆಯೂ ಕುಕ್ಕದೆ ಹಾರಿಹೋಯಿತು.

ಅಕ್ಕ ಆ ತುಣುಕನ್ನು ಕಿತ್ತುಕೊಂಡು ತನ್ನ ಬಾಯಿಗೇ ಹಾಕಿಕೊಂಡಳು. "ತೇಲಿದ್ರೆ ಸಾಕು. ತೇಲದಿದ್ರೆ ಚರ್ಚಲ್ಲಿ ಇನ್ನೂ ಜಾಗ ಇದೆ," ಎನ್ನುತ್ತ ಬಾಚಿಯನ್ನು ಅವನ ಕೈಗಿಟ್ಟಳು.

ಭಾವ ಮೊದಲ ಏಟು ಹಾಕಿದ.