ಗಟ್ಟಿಮೇಳಕ್ಕೆ ಮುಂಚಿನ ಮೌನ

ಬೇಲೂರಿನಲ್ಲಿ ಹೊಸದಾಗಿ ತೆರೆದ ಕಾಫಿ ಅಂಗಡಿಯಲ್ಲಿ ಹಳೆಯ ಗ್ರಾಮಫೋನನ್ನೂ ರೆಕಾರ್ಡುಗಳನ್ನೂ ಶೋಕಿಗೆ ಜೋಡಿಸಿಟ್ಟಿದ್ದಾರೆ. ಮೊನ್ನೆ ಅಮ್ಮನ ಜೊತೆ ಹೋದವಳು ಒಂದರ ರಟ್ಟನ್ನು ಮೂಗಿಗೆ ಹಿಡಿದೆ. ಮುಗ್ಗಲು, ನುಸಿಗುಳಿಗೆ... ಅರಸೀಕೆರೆಯ ನಮ್ಮ ಎದುರುಮನೆ ಮಾಮನ ಟ್ರಂಕಿನ ವಾಸನೆ. ಅವರ ಬಳಿ ಇದ್ದದ್ದೂ ಇದೇ ರೆಕಾರ್ಡು.

ಮಾಮ ಮದುವೆ ವಾಲಗದಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ವರ್ಗವಾಗಿ ಹೋದ ರೈಲ್ವೆಯವರೊಬ್ಬರು ಕೊಟ್ಟ ನಾಲ್ಕಾರು ಜಾಜ್ ರೆಕಾರ್ಡುಗಳೇ ಅವರ ಆಸ್ತಿ. ಮಧ್ಯಾಹ್ನದ ಹೊತ್ತು ಅವನ್ನು ಹಾಕಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಅದರಲ್ಲೂ ಮೋಡಲ್ ಜಾಜ್ ಅನ್ನುವ ಬಗೆಯೆಂದರೆ ಅವರಿಗೆ ಪ್ರಾಣ.

"ಬ್ಯಾರೆಯೋರು ಗಳಿಗೆಗೊಂದು ದಾರಿ ಹಿಡ್ಕಂಡು ಓಡ್ತಾರೆ ಮಗಾ. ಇವರು ನಮ್ಮ ಆಲಾಪನೆ ಥರ ಒಂದೇ ಕಡೆ ಕೂತವ್ರೆ. ಅವಸರ ಎಲ್ಲೈತೆ ನೋಡು! ಊದೋದನ್ನಲ್ಲ, ಊದ್ದೆ ಬಿಟ್ಟಿರೋದನ್ನ ಕೇಳು."

ತುತ್ತೂರಿ ನಾಲ್ಕು ಸ್ವರ ನುಡಿದು ಸುಮ್ಮನಾಗುತ್ತಿತ್ತು. ಹಿಂದೆ ಪಿಯಾನೊದ ಅವೇ ಎರಡು ಸ್ವರಗುಚ್ಛಗಳು ಉಯ್ಯಾಲೆಯ ಹಾಗೆ ಹೋಗಿ ಬರುತ್ತಿದ್ದವು. ನಗುವೂ ಅಲ್ಲ, ಅಳುವೂ ಅಲ್ಲ. ಇಂಥದ್ದೇ ಅನ್ನಿಸಬೇಕು ಅಂತ ಆ ಸಂಗೀತ ಯಾರನ್ನೂ ಬಲವಂತ ಮಾಡುವುದಿಲ್ಲ. ಅದು ಬಿಟ್ಟ ಖಾಲಿ ಜಾಗದಲ್ಲಿ ಅವತ್ತಿನ ನಮ್ಮ ಮನಸ್ಸು ಹೋಗಿ ಕೂರುತ್ತದೆ. ಅದಕ್ಕೇ ಎಷ್ಟು ಕೇಳಿದರೂ ಹಳತಾಗುವುದಿಲ್ಲ. ಇದನ್ನು ನನಗೆ ಕಲಿಸಿದವರು ಮಾಮ. ಅವರು ಮುಳುಗಿದ್ದೂ ಅದರಿಂದಲೇ.

ಹಾರನಹಳ್ಳಿಯಲ್ಲಿ ನನ್ನ ಮದುವೆ. ತಾಳಿ ಕಟ್ಟುವಾಗ ಕೆಟ್ಟ ಸದ್ದು ಯಾರ ಕಿವಿಗೂ ಬೀಳದಿರಲೆಂದು ಡೋಲು, ವಾಲಗ ಒಟ್ಟಿಗೆ ಜೋರಾಗಿ ಮೊಳಗಬೇಕು, ಅದೇ ಗಟ್ಟಿಮೇಳ. ಡೋಲಿನವರು ಮಾಮನ ಸನ್ನೆಗೆ ಕಾಯುತ್ತಿದ್ದರು. ಮಾಮ ಒಂದು ರಾಗವನ್ನು ನಿಧಾನವಾಗಿ ಊದುತ್ತ, ರೆಕಾರ್ಡಿನವರ ಹಾಗೆ ನಡುವೆ ನಿಲ್ಲಿಸಿ ಕಣ್ಣು ಮುಚ್ಚಿದ್ದರು. ಪುರೋಹಿತರು ಕೈ ಎತ್ತಿದ್ದು ಅವರಿಗೆ ಕಾಣಲೇ ಇಲ್ಲ. ತಾಳಿ ನನ್ನ ಕತ್ತಿಗೆ ಬಿತ್ತು. ಆ ಮೌನದಲ್ಲಿ ಗಂಡನ ತಂದೆ ಛತ್ರಕ್ಕೆಲ್ಲ ಕೇಳುವಂತೆ ಸೀನಿದರು.

ಅಷ್ಟೇ! "ಅಪಶಕುನ ಆಗೋಯ್ತು! ವಾಲಗ ಊದಕ್ ಬಂದಿದ್ಯೋ, ನಿದ್ದೆ ಹೊಡೆಯಕ್ ಬಂದಿದ್ಯೋ?" ಎಂದು ನನ್ನ ಚಿಕ್ಕಪ್ಪ ಊಟಕ್ಕೂ ಬಿಡದೆ ಅವರನ್ನು ಹೊರಗಟ್ಟಿದರು. ಸುದ್ದಿ ಕಣಕಟ್ಟೆಯವರೆಗೂ ಹೋಯಿತು. ಆಮೇಲೆ ಮದುವೆಗೆ ಕರೆದು ಮಾಮನ ಕೈಗೆ ವೀಳ್ಯ ಕೊಟ್ಟವರಿಲ್ಲ. ಸ್ಯಾಕ್ಸೊಫೋನ್ ಮಾರಿ, ಕೊಬ್ಬರಿ ಮಂಡಿಯಲ್ಲಿ ಚೀಲ ಹೊಲಿಯುತ್ತ ಸತ್ತರು. ಥೂ! ಸೀನಿದವರನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ.

ಕಾಫಿ ಅಂಗಡಿಯವರಿಗೆ ಹೇಳಿ ಆ ರೆಕಾರ್ಡು ಹಾಕಿಸಿದೆ. ತುತ್ತೂರಿ ನುಡಿಯಿತು, ನಿಂತಿತು. ಅದೇ ಬಿಡುವು... ನಾನು ಯಾರನ್ನು ನೆನೆಯುತ್ತಿದ್ದೇನೆಂದು ಅಮ್ಮನಿಗೆ ತಿಳಿಯಿತು. ಲೋಟ ಕೆಳಗಿಟ್ಟಳು.

"ಅವತ್ತು ಆವಯ್ಯ ಸರಿಯಾಗಿ ಊದಿದ್ರೆ, ನೀನು ಗಂಡನ್ನ ಬಿಟ್ಟು ಬಂದು ಕೂರೋ ಹಂಗಾಗ್ತಿರ್ಲಿಲ್ಲ ಕಣೇ."

"ನನ್ನ ಹೊಡೆದಿದ್ದು ವಾಲಗದೋರಲ್ಲಮ್ಮ," ಅಂದೆ.

ತುತ್ತೂರಿ ಮತ್ತೆ ಶುರುವಾಯಿತು. ಈ ಮಾತು ಕೇಳಿಸಿಕೊಳ್ಳಬೇಕಾಗಿದ್ದ ಮಾಮ ಈಗಿಲ್ಲ.