ಬೋರ್‌ವೆಲ್ ನೀರಿನ ಸುದ್ದಿ

ಸುದ್ದಿಯನ್ನು ತಲೆಕೆಳಗಾಗಿ ಬರೆಯಬೇಕು ಎಂದು ನಮಗೆ ಮೊದಲ ವಾರವೇ ಹೇಳಿಕೊಟ್ಟರು. ಮುಖ್ಯವಾದದ್ದು ಮೇಲೆ, ಅಷ್ಟೇನೂ ಮುಖ್ಯವಲ್ಲದ್ದು ಕೆಳಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಸಂಪಾದಕರು ಬಾಲ ಕತ್ತರಿಸುತ್ತಾರೆ, ತಲೆ ಉಳಿಯುತ್ತದೆ. ಪೀಣ್ಯದ ಪಕ್ಕದ ನಮ್ಮ ಕಾಲೇಜಿನಲ್ಲಿ ಪತ್ರಿಕೋದ್ಯಮಕ್ಕೆ ಇದ್ದದ್ದು ಒಬ್ಬರೇ ಮೇಷ್ಟ್ರು. "ಎರಡೂ ಕಡೆಯವರನ್ನ ಕೇಳ್ಬೇಕು ಕಣ್ರಮ್ಮ, ಹೆಸರಿಲ್ಲದ ಮಾತು ಸುದ್ದಿ ಅಲ್ಲ" ಎಂದು ದಿನಾ ಹೇಳುತ್ತಿದ್ದರು. ನಾನು ಎಲ್ಲವನ್ನೂ ನಂಬಿದೆ. ನಂಬುವ ವಯಸ್ಸು.

ಕಾಲೇಜಿನ ನಾಲ್ಕು ಪುಟದ ಪತ್ರಿಕೆಗೆ ಒಂದು ವರದಿ ತರಬೇಕಿತ್ತು. ನಾನು ದೂರ ಹೋಗಲಿಲ್ಲ. ಬಾಗಲಗುಂಟೆಯಲ್ಲಿ ನಾವು ಬಾಡಿಗೆಗಿದ್ದ ಮಹಡಿ ಮನೆಯ ನಲ್ಲಿ ತಿರುಗಿಸಿದೆ, ಸುದ್ದಿ ಬಂತು. ಕೆಲವು ತಿಂಗಳಿಂದ ಬೋರ್‌ವೆಲ್ ನೀರು ಹಳದಿಯಾಗಿ ಬರುತ್ತಿತ್ತು, ಬಾಯಿಗಿಟ್ಟರೆ ಒಗರು. ಹಿಂದಿನ ಬೀದಿಯಲ್ಲಿ ನಟ್ಟು ಬೋಲ್ಟುಗಳನ್ನು ರಾಸಾಯನಿಕದಲ್ಲಿ ಅದ್ದಿ ಹೊಳಪು ಕೊಡುವ ಕಾರ್ಖಾನೆಯೊಂದಿತ್ತು. ಅದರ ನೀರು ಮೋರಿಗೆ ಹರಿಯುವುದನ್ನು ಇಡೀ ಬೀದಿ ನೋಡಿತ್ತು. ಆದರೆ ಬೀದಿಯ ಅರ್ಧ ಜನಕ್ಕೆ ಕೆಲಸವೂ ಅಲ್ಲೇ. ಹೆಸರು ಹಾಕುತ್ತೇನೆ ಎಂದ ಕೂಡಲೇ ಎಲ್ಲರ ಮನೆಯಲ್ಲೂ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಒಳಗೆ ಓಡುತ್ತಿದ್ದರು.

ಹೆಸರು ಕೊಟ್ಟವರು ಒಬ್ಬರೇ, ನಮ್ಮ ಮನೆ ಓನರ್ ಅಜ್ಜಿ. ಕೊಡಲೇಬಾರದಿದ್ದವರೂ ಅವರೇ. ಹಿಂದೆ ರಾಗಿ ಬೆಳೆಯುತ್ತಿದ್ದ ಸ್ವಂತ ಹೊಲದಲ್ಲಿ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಯಲ್ಲೇ ಬದುಕುತ್ತಿದ್ದರು. ನೀರು ಕೆಟ್ಟಿದೆ ಎಂದು ಗೊತ್ತಾದರೆ ಆ ಮನೆಗಳಿಗೆ ಯಾರು ಬರುತ್ತಾರೆ? ಅದನ್ನು ನಾನೇ ನೆನಪಿಸಿದೆ.

"ಓಗೋರು ಓಗ್ಲಿ ಬುಡು. ಅದು ನಮ್ಮ ಒಲದ ನೀರು ಕಣವ್ವ. ಕುಡ್ದೋರ್ಗೆ ಏನಾರ ಆದ್ರೆ ಶಾಪ ನಂಗೆ ತಾನೆ? ಎಸ್ರು ಆಕು" ಎಂದರು.

ಅಜ್ಜಿಯ ಮಾತನ್ನೇ ಮೇಲಿಟ್ಟು ಬರೆದೆ. ಇನ್ನೊಂದು ಕಡೆಯೂ ಬೇಕಲ್ಲ. ಕಾರ್ಖಾನೆಯ ಮ್ಯಾನೇಜರ್ ಕಾಫಿ ಕೊಟ್ಟು, "ನಮ್ಮಿಂದ ಯಾವ ತೊಂದ್ರೆನೂ ಇಲ್ಲ ಮೇಡಂ" ಎಂದರು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಮೇಡಂ ಎಂದಿದ್ದರು. ಆದರೂ ಮನಸ್ಸು ಗಟ್ಟಿಮಾಡಿ ಅದನ್ನು ಕೊನೆಯ ಪ್ಯಾರಾಕ್ಕೆ ತಳ್ಳಿದೆ. ಮೇಷ್ಟ್ರು ಓದಿ ಶಭಾಸ್ ಎಂದರು.

ಪುಟ ಪ್ರಿನ್ಸಿಪಾಲರ ಮೇಜಿಗೆ ಹೋಯಿತು. ಕಾಲೇಜ್ ಡೇಯ ಶಾಮಿಯಾನ, ಊಟ ಎಲ್ಲ ಆ ಕಾರ್ಖಾನೆಯ ಮಾಲೀಕರ ಖರ್ಚು ಎಂಬುದು ನಮ್ಮ ಪಠ್ಯದಲ್ಲಿರಲಿಲ್ಲ. ಪ್ರಿನ್ಸಿಪಾಲರು ಪತ್ರಿಕೋದ್ಯಮ ಓದಿದವರಲ್ಲ, ಪಾಪ, ಮೇಲಿನಿಂದ ಕತ್ತರಿಸಿದರು. ಅಚ್ಚಾಗಿ ಬಂದದ್ದು ಕೊನೆಯ ಪ್ಯಾರಾ ಮಾತ್ರ: ಕಾರ್ಖಾನೆಯಿಂದ ಯಾವ ತೊಂದರೆಯೂ ಇಲ್ಲ ಎಂದು ಮ್ಯಾನೇಜರ್ ತಿಳಿಸಿದ್ದಾರೆ. ಯಾವ ತೊಂದರೆ, ಯಾರಿಗೆ, ಕೇಳಿದವರು ಯಾರು, ಒಂದೂ ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಮೇಷ್ಟ್ರನ್ನು ಕೇಳಿದೆ. "ಜಾಗ ಸಾಲ್ಲಿಲ್ವಂತಮ್ಮ" ಎಂದವರೇ ಹಾಜರಿ ಕರೆಯತೊಡಗಿದರು. ಆ ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ನನಗೆ ಬಂತು.

ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನನ್ ಮಾತೆಲ್ಲವ್ವ?"

"ಜಾಗ ಸಾಲ್ಲಿಲ್ವಂತೆ ಅಜ್ಜಿ."

"ಅವನ್ ಮಾತಿಗೆ ಇತ್ತಲ್ಲ ಜಾಗ."

ನನಗೆ ಸಿಟ್ಟಿಗೆ ಅಳುವೇ ಬಂತು. ಅವರು ಸಮಾಧಾನ ಮಾಡಲಿಲ್ಲ. ಪತ್ರಿಕೆ ಮಡಚಿ ಕೊಟ್ಟು ಮೆಟ್ಟಿಲಿಳಿದು ಹೋದರು.

ಮುಂದಿನ ವಾರ ಗೇಟಿನ ಮೇಲೆ ಬೋರ್ಡೊಂದು ಬಂತು. 'ಈ ಮನೆ ನೀರು ಕುಡಿಯಬೇಡಿ. ಕಾರ್ಖಾನೆ ನೀರು ಸೇರಿದೆ.' ಅದರಡಿ ಅಜ್ಜಿಯ ಪೂರ್ತಿ ಹೆಸರು. ಮಗ ಬಂದು ಕೂಗಾಡಿದ, ಅವರು ತೆಗೆಯಲಿಲ್ಲ. ಕೆಳಗಿನ ಎರಡು ಮನೆಯವರು ಖಾಲಿ ಮಾಡಿದರು. ಆಗ ಪಕ್ಕದಲ್ಲೇ 'ಮನೆ ಬಾಡಿಗೆಗಿದೆ' ಎಂಬ ಇನ್ನೊಂದು ಬೋರ್ಡೂ ಬಂತು. ಮನೆ ನೋಡಲು ಬಂದವರು ಗೇಟಿನ ಮುಂದೆ ನಿಂತು ಎರಡನ್ನೂ ಓದಿ, ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಅಜ್ಜಿ ಜಗಲಿಯ ಮೇಲೆ ಕೂತು ನೋಡುತ್ತಿದ್ದರು.