ಕೆಳಗಿನ ಬಾವಿ

ಒಂದು ಊರಿನ ನೀರನ್ನು ನಾನು ಸುಳ್ಳು ಹೇಳಿ ಕಿತ್ತುಕೊಂಡೆ. ಕಡಲಾಚೆಯ ಊರು — ಏಡನ್ ಬಂದರಿನಿಂದ ಒಳಕ್ಕೆ, ಮರಳು ಕಲ್ಲುಗಳ ನಡುವೆ, ಒಂದೇ ಬಾವಿಯ ಊರು. ಅದರ ಹೆಸರು ನನ್ನ ನಾಲಿಗೆಯಲ್ಲಿ ಸರಿಯಾಗಿ ಹೊರಳಲೂ ಇಲ್ಲ. ನೀರಿನ ರುಚಿ ಮಾತ್ರ ನೆನಪಿದೆ. ಚೂರು ಉಪ್ಪು, ಕೊಪ್ಪಳದ ಹತ್ತಿರದ ನಮ್ಮೂರು ತಳಕಲ್ಲಿನ ಹೊಲದ ಬಾವಿಯ ನೀರಿನ ಹಾಗೆಯೇ.

ನಮ್ಮದು ಬಾವಿ ತೋಡುವ ಮನೆತನ. ನೆಲದೊಳಗೆ ಸೆಲೆ ಯಾವ ಕಡೆ ಹರಿಯುತ್ತದೆಂದು ಅಪ್ಪ ನಿಂತಲ್ಲೇ ಹೇಳುತ್ತಿದ್ದ. ಅವನದೊಂದು ಪದ್ಧತಿ ಇತ್ತು. ಹೊಸ ಬಾವಿಗೆ ಗುದ್ದಲಿ ಹಾಕುವ ಮೊದಲು, ಇಳಿಜಾರಿನಲ್ಲಿ ಕೆಳಗಿರುವ ಹಳೆಯ ಬಾವಿಗೆ ಹೋಗಿ, ಅಲ್ಲಿಯವರ ಕೈಯಿಂದ ಒಂದು ಚೊಂಬು ನೀರು ಕೇಳಿ ಕುಡಿಯುತ್ತಿದ್ದ. "ಕುಡದ ಮ್ಯಾಲ ಆ ಬಾವಿಗೆ ಎರಡ ಬಗಿಯಾಕ ಬರಂಗಿಲ್ಲಪ," ಎನ್ನುತ್ತಿದ್ದ. ಮೇಲೆ ತೋಡಿದರೆ ಕೆಳಗಿನದರ ಸೆಲೆ ಕಡಿಯುತ್ತದೆ ಎಂದು ಕಂಡರೆ ಕೂಲಿ ಬಿಟ್ಟು ಮನೆಗೆ ಬಂದುಬಿಡುತ್ತಿದ್ದ. ಅಂದು ಮನೆಯವರೆಲ್ಲ ನುಚ್ಚಿನ ಗಂಜಿ ಕುಡಿದು ಮಲಗುತ್ತಿದ್ದೆವು. ಅಪ್ಪನ ಮೇಲೆ ನನಗೆ ಭಾಳ ಸಿಟ್ಟು ಬರುತ್ತಿತ್ತು.

ಎರಡನೇ ಮಹಾಯುದ್ಧ ಶುರುವಾದಾಗ ಬಳ್ಳಾರಿಗೆ ಹೋಗಿ ಇಂಗ್ಲಿಷರ ದಂಡಿನ ಪಟಾಲಮ್ಮಿಗೆ ಸೇರಿದೆ. ಬಂದೂಕಿನ ಕೆಲಸವಲ್ಲ — ರಸ್ತೆ, ಬಂಡೆ, ಬಾವಿ. ನಿಜಾಮರ ಸಾಲಿಯಲ್ಲಿ ಬೆತ್ತದ ಏಟು ತಿಂದು ಕಲಿತ ಉರ್ದು ಅಲ್ಲಿ ಉಪಯೋಗಕ್ಕೆ ಬಂತು. ನಮ್ಮ ತುಕಡಿಯ ಇಂಗ್ಲಿಷ್ ಸಾಹೇಬನ ಮುರುಕು ಹಿಂದುಸ್ತಾನಿಗೆ ಉತ್ತರ ಕೊಡುವವನು ನಾನೇ ಆದೆ. ಹಡಗು ಹತ್ತಿಸಿ ಏಡನ್ನಿಗೆ ಒಯ್ದರು. ಅದೂ ಬಳ್ಳಾರಿಯ ಹಾಗೆ ಇಂಗ್ಲಿಷರ ಕೈಯಲ್ಲಿದ್ದ ಊರೇ. ಆದರೆ ಅಲ್ಲಿಯ ಜನರ ಕಣ್ಣಿಗೆ ಖಾಕಿ ತೊಟ್ಟ ನಾನೂ ಇಂಗ್ಲಿಷರವನೇ. ಅದು ನನಗೆ ಹಿಡಿಸಿತ್ತು — ಇದನ್ನೂ ಹೇಳಿಬಿಡಬೇಕು. ಊರಲ್ಲಿ ಗೌಡರ ಕಟ್ಟೆಯ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದವನಿಗೆ ಅಲ್ಲಿ ಮುದುಕರು ದಾರಿ ಬಿಡುತ್ತಿದ್ದರು.

ನಮ್ಮ ಡೇರೆಗಳು ದಿಬ್ಬದ ಮೇಲೆ, ಆ ಊರು ಕೆಳಗೆ. ನಮಗೆ ಲಾರಿಯಲ್ಲಿ ಬರುತ್ತಿದ್ದ ನೀರು ಸಾಲುತ್ತಿರಲಿಲ್ಲ. ನಾನು ಇಳಿದು ಊರಬಾವಿಗೆ ಹೋಗುತ್ತಿದ್ದೆ. ನನ್ನ ತಾಯಿಯ ವಯಸ್ಸಿನ ಒಬ್ಬಾಕೆ ತೊಗಲಿನ ಚೀಲದಿಂದ ನನ್ನ ಬೊಗಸೆಗೆ ನೀರು ಹೊಯ್ಯುತ್ತಿದ್ದಳು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ. "ಸಾಕಬೇ ಅವ್ವ," ಎಂದರೆ ನಕ್ಕು ಇನ್ನಷ್ಟು ಹೊಯ್ಯುತ್ತಿದ್ದಳು.

ಆ ಹೊತ್ತಿಗೆ ನಮ್ಮೂರಿನಿಂದ ಸುದ್ದಿ ಬಂತು. ನನ್ನ ಹೆಂಡತಿ ನೀಲವ್ವ ಹಡೆದಿದ್ದಳು — ಹೆಣ್ಣು ಮಗು. ಅದೇ ವಾರ ಸಾಹೇಬ ನನ್ನನ್ನು ಕರೆದು, ದಿಬ್ಬದ ಮೇಲೆ ನೀರು ತೋರಿಸಿದರೆ ಮುಂದಿನ ಹಡಗಿಗೇ ರಜೆ ಎಂದ. ನಾನು ಇಡೀ ದಿಬ್ಬ ಸುತ್ತಿದೆ. ನೀರಿದ್ದದ್ದು ಒಂದೇ ಕಡೆ — ಆ ಬಾವಿಯ ನೇರ ಮೇಲ್ಗಡೆ. ಎರಡಕ್ಕೂ ಒಂದೇ ಸೆಲೆ. ಅಪ್ಪನ ಮಗನಾಗಿ ಅದನ್ನು ಕಾಣದಿರಲು ನನಗೆ ಸಾಧ್ಯವೇ ಇರಲಿಲ್ಲ.

ಸಾಹೇಬ ಕೇಳಿದ. ಅದನ್ನು ನಾನು ಮರೆಯಬಾರದು — ಅವನು ಕೇಳಿದ. ಕೆಳಗಿನ ಬಾವಿಗೆ ಏನಾದರೂ ಆದೀತೇ?

"ಕುಛ್ ನಹೀಂ ಹೋಗಾ, ಸಾಬ್." ಏನೂ ಆಗುವುದಿಲ್ಲ.

ನಿಜ ಹೇಳಿದ್ದರೂ ಅವನು ತೋಡಿಸುತ್ತಿದ್ದನೋ ಏನೋ. ಇಂಗ್ಲಿಷರು ಯಾರ ಬಾವಿಗೆ ಮರುಗಿದ್ದರು... ಆದರೆ ಅದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ. ಬಾವಿಯನ್ನು ನಾನೇ ಮುಂದೆ ನಿಂತು ತೋಡಿಸಿದೆ. ನೀರು ಉಕ್ಕಿ ಬಂತು, ನೀರೆತ್ತುವ ಯಂತ್ರ ಹೂಡಿದರು, ಎಲ್ಲರೂ ನನ್ನ ಬೆನ್ನು ತಟ್ಟಿದರು. ಹಡಗು ಬರುವಷ್ಟರಲ್ಲಿ ಕೆಳಗಿನ ಬಾವಿಯಲ್ಲಿ ಬರೀ ಕೆಸರು ಉಳಿದಿತ್ತು. ನನ್ನ ಬೊಗಸೆಗೆ ನೀರು ಹೊಯ್ಯುತ್ತಿದ್ದಾಕೆ ಬರಿದಾದ ತೊಗಲಿನ ಚೀಲ ಹಿಡಿದು ನಮ್ಮ ಬೇಲಿಯ ಹತ್ತಿರ ಬಂದು ನಿಂತಳು. ಗುಂಪಿನಲ್ಲಿ ನನ್ನನ್ನು ಹುಡುಕುತ್ತಿದ್ದಳು — ಗುರುತಿನವನು, ಒಂದು ಮಾತು ಹೇಳಿಯಾನು ಎಂದು. ನಾನು ಲಾರಿಯ ಮರೆಗೆ ಸರಿದೆ.

ಕೆಲವು ವರ್ಷಗಳ ಮೇಲೆ, ನಮ್ಮ ತುಕಡಿಯಲ್ಲಿದ್ದ ಒಬ್ಬ ಕೊಪ್ಪಳದ ಸ್ಟೇಷನ್ನಿನಲ್ಲಿ ಸಿಕ್ಕ. ಯುದ್ಧ ಮುಗಿದು ಡೇರೆ ಕೀಳುವಾಗ ಯಂತ್ರವನ್ನೂ ಒಯ್ದರಂತೆ, ಮೇಲಿನ ಬಾವಿಯನ್ನು ಮಣ್ಣು ಹಾಕಿ ಮುಚ್ಚಿದರಂತೆ. ಕೆಳಗೆ ಊರು ಇರಲಿಲ್ಲ, ಜನ ಯಾವಾಗಲೋ ಎದ್ದು ಹೋಗಿದ್ದರು ಎಂದ. ನಾನು ಅವನಿಗೆ ಚಹಾ ಕುಡಿಸಿ ಕಳಿಸಿದೆ.

ನಿಜಾಮರ ಆಳ್ವಿಕೆ ಹೋಗಿ ಕೊಪ್ಪಳದಲ್ಲಿ ಬಾವುಟ ಹಾರಿದ ದಿನ, ದೇಶ ಕಂಡವನೆಂದು ನನ್ನನ್ನು ಮುಂದೆ ಕೂಡಿಸಿದ್ದರು. ಇಂಗ್ಲಿಷರು ನಮ್ಮನ್ನು ಹೇಗೆ ಸುಲಿದರೆಂದು ಭಾಷಣವಾಯಿತು. ಎಲ್ಲ ನಿಜವೇ. ನಾನೂ ಚಪ್ಪಾಳೆ ತಟ್ಟಿದೆ. ಆಳಿಸಿಕೊಂಡವನ ಕೈಯಿಂದಲೇ ಇನ್ನೊಬ್ಬರನ್ನು ಆಳಿಸಿದರು ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಸಾಹೇಬನ ಮುಂದೆ ಸುಳ್ಳಾಡಿದ ಬಾಯಿ ನನ್ನದೇ ಆಗಿತ್ತಲ್ಲ.

ಹೋದ ಬೇಸಿಗೆಯಲ್ಲಿ ಕುಷ್ಟಗಿಯ ಒಬ್ಬ ಗೌಡರು, ಕೇರಿಯ ಬಾವಿಗೆ ಮೇಲ್ಗಡೆಯ ತಮ್ಮ ಹೊಲದಲ್ಲಿ ಬಾವಿ ತೋಡಲು ಕರೆದರು. "ಕೆಳಗಿನ ಬಾವಿಗೆ ಏನರ ಆಗತೈತೇನೋ?" ಎಂದು ಕೇಳಿದರು. ಅದೇ ಪ್ರಶ್ನೆ. "ಬತ್ತತೈತ್ರಿ ಗೌಡ್ರ. ನಾ ತೋಡಂಗಿಲ್ರಿ," ಎಂದೆ. ಅವರು, "ತಳಕಲ್ಲಿನವರ ಮಾತು ಅಂದ್ರ ಮಾತಪ. ನಿಮ್ಮ ಮನ್ಯಾಗ ಯಾರೂ ಸುಳ್ಳ ಹೇಳಿಲ್ಲ," ಎಂದರು.

ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆ. ನೀಲವ್ವ ಆಗಷ್ಟೇ ಕೊಡ ಇಳಿಸುತ್ತಿದ್ದಳು, ಮಗಳು ಸಣ್ಣ ಕೊಡ ಹೊತ್ತು ಹಿಂದೆ. ಅಲ್ಲೇ ಹೊಸ್ತಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ, ಮೊದಲ ಸಲ. ಅವರಿಬ್ಬರನ್ನು ನೋಡುವ ಆಸೆಗೆ ಸುಳ್ಳು ಹೇಳಿದೆ ಎಂಬುದನ್ನೂ... ಆ ಭಾರವನ್ನು ಅವರ ಮೇಲೆ ಹೊರಿಸಬಾರದಿತ್ತು. ನೀಲವ್ವ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೊಡದ ಸಿಂಬೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು —

"ಮತ್ತ ಆ ಹೆಣ್ಮಗಳು ಈಗ ನೀರು ಎಲ್ಲಿಂದ ತರ್ತಾಳ್ರಿ?"